‘ತೃಪ್ತಿಕರ’ ಗಾಳಿ: ಸೂಚ್ಯಂಕ ಹೇಳದಿರುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯು ಗುಣಮಟ್ಟ ಸೂಚ್ಯಂಕ 2015ರಲ್ಲಿ ಬಳಕೆಗೆ ಬಂದಿತು. ಬೊಮ್ಮನಹಳ್ಳಿಗೆ ಸಮೀಪದ ಸಿಲ್ಕ್ ಬೋರ್ಡ್ ಮಾಪನ ಕೇಂದ್ರದ ಗಾಳಿಯ ಸ್ಥಿತಿಯನ್ನು ನೀವು ತಿಳಿಯುವುದೂ ಇದರಿಂದಲೇ. ಎಂಟು ಮಾಲಿನ್ಯಕಾರಕಗಳನ್ನು ಒಂದು ಸಂಖ್ಯೆಗೆ, ಒಂದು ಬಣ್ಣಕ್ಕೆ ಇಳಿಸಿರುವುದು ಅದರ ಹೆಚ್ಚುಗಾರಿಕೆ. ಕೊರತೆಯೂ ಅಲ್ಲೇ ಇದೆ.

ಮೊದಲು ಪದವನ್ನು ಗಮನಿಸಿ. ಸೂಚ್ಯಂಕ 51ರಿಂದ 100ರವರೆಗಿದ್ದರೆ ಗಾಳಿ ‘ತೃಪ್ತಿಕರ’. ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಕಣಗಳು 60 ಮೈಕ್ರೋಗ್ರಾಂ ಇದ್ದರೂ ಇದೇ ವರ್ಗ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 24 ಗಂಟೆಗಳ ಮಿತಿ ಕೇವಲ 15. ಈ ಸೂಕ್ಷ್ಮ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಹೃದಯಕ್ಕೂ ಹಾನಿ ಮಾಡುತ್ತವೆ.

ಎರಡನೆಯದು ಸರಾಸರಿ. ವಾಹನ ದಟ್ಟಣೆಯ 4 ಗಂಟೆ 150, ಉಳಿದ 20 ಗಂಟೆ 30 ಮೈಕ್ರೋಗ್ರಾಂ ಇದೆಯೆಂದು ಭಾವಿಸಿ. ದಿನದ ಸರಾಸರಿ 50, ಮತ್ತೆ ‘ತೃಪ್ತಿಕರ’! ಆದರೆ ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿ ಉಸಿರಾಡುವುದು ಸರಾಸರಿಯನ್ನಲ್ಲ, ಆ ಹೊತ್ತಿನ ಗಾಳಿಯನ್ನು.

ಮೂರನೆಯದಾಗಿ, ಎಂಟು ಉಪಸೂಚ್ಯಂಕಗಳಲ್ಲಿ ಅತಿ ಹೆಚ್ಚಿನದೇ ಒಟ್ಟು ಸೂಚ್ಯಂಕ. ದೂಳಿನ ಕಣಗಳು ಮುಂದಿರುವ ದಿನ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಲೆಕ್ಕದಲ್ಲಿ ಮರೆಯಾಗುತ್ತದೆ. ಬಿಸಿಲಿನಲ್ಲಿ ಓಜೋನ್ ಉಂಟಾಗಲು ಇದೂ ಕಾರಣ. ನೆಲಮಟ್ಟದ ಓಜೋನ್ ಎಲೆಗಳನ್ನು, ಬೆಳೆಗಳನ್ನು ಬಾಧಿಸುತ್ತದೆ.

ಹಾಗೆಂದು ಸೂಚ್ಯಂಕವನ್ನು ಕೈಬಿಡಬೇಕಿಲ್ಲ. ಶಿಕ್ಷಕರು ತರಗತಿಯಲ್ಲಿ ಅದರ ಬಣ್ಣವನ್ನಷ್ಟೇ ತೋರಿಸದೆ, ಒಂದೊಂದು ಮಾಲಿನ್ಯಕಾರಕದ ಗಂಟೆವಾರು ಅಂಕಿಗಳಿಂದ ನಕ್ಷೆ ಬರೆಸಲಿ. ಯಾವ ಗಾಳಿ ತೃಪ್ತಿಕರ ಎಂಬುದನ್ನು ವಿದ್ಯಾರ್ಥಿಗಳೇ ಆಗ ನಿರ್ಧರಿಸಬಲ್ಲರು.