ಧನಮ್ಮಾಳ್ ವೀಣೆಯ ವಿಳಂಬ

ಹತ್ತೊಂಬತ್ತನೆಯ ಶತಮಾನದ ಪಾಠದಲ್ಲಿ ಬೆಳೆದ ವಾದಕಿಯೊಬ್ಬರ ಕಲೆಯನ್ನು ಇಂದು ಸಂಶೋಧಿಸಿ ನುಡಿಸಹೊರಟವರಿಗೆ ಆಧಾರವನ್ನು ಎಲ್ಲಿ ಹುಡುಕಬೇಕೆಂಬುದೇ ಮೊದಲ ತೊಡಕು. ಜರ್ಮನಿಯ ಪಿಯಾನೊ ವಾದಕಿ ಕ್ಲಾರಾ ಶೂಮನ್ (1819–1896) ಅವರ ರಚನೆಗಳು, ಪತ್ರಗಳು, ಪತಿ ರಾಬರ್ಟ್ ಶೂಮನ್ ಅವರ ಕೃತಿಗಳಿಗೆ ಅವರು ಸಿದ್ಧಪಡಿಸಿದ ಸಂಪುಟಗಳು ಉಳಿದಿದ್ದರೂ ಅವರ ವಾದನದ ಧ್ವನಿಮುದ್ರಿಕೆ ಇಲ್ಲವಾದ್ದರಿಂದ, ಸಂಶೋಧಕರು ಶಿಷ್ಯೆಯರಾದ ಫ್ಯಾನಿ ಡೇವಿಸ್, ಅಡೆಲಿನಾ ಡಿ ಲಾರಾ ಅವರ ಮುದ್ರಿಕೆಗಳಿಗೆ ಕಿವಿಗೊಡಬೇಕಾಗಿದೆ. ವೀಣೆ ಧನಮ್ಮಾಳ್ (1867–1938) ಅವರ ವಿಷಯದಲ್ಲಿ ನಾದವೇ ಸಿಕ್ಕಿದೆ. ಆದರೆ 1932ರಲ್ಲಿ ಕೊಲಂಬಿಯಾ ಕಂಪನಿಗಾಗಿ ನುಡಿಸಿದ ಗ್ರಾಮಫೋನ್ ತಟ್ಟೆಗಳಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆಯಷ್ಟೇ ಅವಕಾಶವಿದ್ದು, ಬೆರಳುಗಳಿಗೂ ಆಗಲೇ 65ರ ವಯಸ್ಸಾಗಿತ್ತು.

ಈ ಇಕ್ಕಟ್ಟಿನ ಕಾಲಮಿತಿ ಧನಮ್ಮಾಳ್ ಅವರಿಗೆ ಮಾಡಿದಷ್ಟು ಅನ್ಯಾಯವನ್ನು ಬೇರೆ ವಾದಕರಿಗೆ ಮಾಡಿರಲಾರದು, ಏಕೆಂದರೆ ಅವರ ಹೆಗ್ಗಳಿಕೆ ಇದ್ದದ್ದು ಪದಗಳಲ್ಲಿ, ಅಂದರೆ ಹದಿನೇಳನೆಯ ಶತಮಾನದ ಕ್ಷೇತ್ರಯ್ಯನಂಥವರು ತೆಲುಗಿನಲ್ಲಿ ರಚಿಸಿದ, ವಿಳಂಬ ಕಾಲದಲ್ಲಿ ಸಾಗುವ ಶೃಂಗಾರ ಗೀತಗಳಲ್ಲಿ. ಅವುಗಳಿಗಿಂತ ಚುರುಕಾದ ಜಾವಳಿಗಳನ್ನು ರಚಿಸಿದ ಧರ್ಮಪುರಿ ಸುಬ್ಬರಾಯರು ಧನಮ್ಮಾಳ್ ಅವರ ಆಪ್ತರೇ ಆಗಿದ್ದರು. ವೀಣೆಯಲ್ಲಿ ಪದ ನುಡಿಸುವಾಗ ಸಾಹಿತ್ಯದ ಅಕ್ಷರ ಬರುವಲ್ಲಿ ಮೀಟು ಬೀಳಬೇಕು. ನಡುವಿನ ಸ್ವರಗಳೆಲ್ಲ ಆ ಮೀಟಿನ ನಾದ ಆರುವುದರೊಳಗೆ ಗಮಕದಲ್ಲಿ, ಎಂದರೆ ಎಡಗೈ ತಂತಿಯನ್ನು ಎಳೆದು ಹುಟ್ಟಿಸುವ ಕಂಪನದಲ್ಲಿ, ಮೂಡಬೇಕು. ಕಾಲ ನಿಧಾನವಾದಷ್ಟೂ ಮುಂದಿನ ಮೀಟಿಗೆ ಮೊದಲೇ ನಾದ ಸೋಲುವುದರಿಂದ ಇದು ಬಲು ಕಠಿಣ ವಾದನ. ಲೋಹದ ಮೀಟುಗೋಲನ್ನು ಬಿಟ್ಟು ಬರಿಬೆರಳಿನಿಂದ ನುಡಿಸುತ್ತ, ಅದರೊಡನೆ ತಾವೂ ಹಾಡುತ್ತಿದ್ದ ಧನಮ್ಮಾಳ್ ಶುಕ್ರವಾರದ ಸಂಜೆಗಳಲ್ಲಿ ಮದರಾಸಿನ ತಮ್ಮ ಮನೆಯಲ್ಲೇ ಕೆಲವೇ ರಸಿಕರಿಗೆ ಕೇಳಿಸುತ್ತಿದ್ದುದು ಬಿಗುಮಾನದಿಂದಲ್ಲ, ಆ ಮೆಲುನಾದದ ಅಗತ್ಯದಿಂದ ಎಂದು ಭಾವಿಸುವುದೇ ಹೆಚ್ಚು ಸರಿ.

ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳ ಕೇಳುಗರಿಗೆ ಈ ತೆಲುಗು ಪದಗಳನ್ನು ಕೇಳುವಲ್ಲಿ ಒಂದು ಅನುಕೂಲವಿದೆ. ಸಂತೆ, ಅಂಗಡಿಗಳಲ್ಲಿ ದಿನವೂ ತೆಲುಗಾಡುವವರಿಗೆ ಪದದ ನಾಯಿಕೆಯ ಮುನಿಸೂ ಕೊಂಕೂ ವ್ಯಾಖ್ಯಾನದ ಹಂಗಿಲ್ಲದೆ ತಿಳಿಯುವುದರಿಂದ, ಮೀಟು ಯಾವ ಅಕ್ಷರವನ್ನು ಒತ್ತಿತು, ಯಾವುದನ್ನು ತೇಲಿಸಿತು ಎಂಬುದನ್ನು ಅವರು ನೇರವಾಗಿ ಗುರುತಿಸಬಲ್ಲರು.

ತಟ್ಟೆಗಳು ಹೇಳದೆ ಬಿಟ್ಟದ್ದಕ್ಕೆ ಧನಮ್ಮಾಳ್ ಅವರ ಮೊಮ್ಮಕ್ಕಳ ಗಾಯನವೇ ಮುಖ್ಯ ಆಧಾರ: ಟಿ. ಬೃಂದಾ (1912–1996) ಮತ್ತು ಟಿ. ಮುಕ್ತಾ ಹಾಡಿದ ಪದಗಳು, ಟಿ. ಬಾಲಸರಸ್ವತಿ (1918–1984) ಅಭಿನಯಿಸುತ್ತಲೇ ಹಾಡಿದ ಪದಗಳು. ಇವು ಧನಮ್ಮಾಳ್ ಅವರ ನಕಲುಗಳಲ್ಲವೆಂಬುದನ್ನು ಮರೆಯಬಾರದು. ಬೃಂದಾ ಅವರ ಗಾಯನದಲ್ಲಿ ಕಾಂಚೀಪುರಂ ನಾಯನಾ ಪಿಳ್ಳೆಯವರ ಪಾಠವೂ ಬೆರೆತಿದೆ. ಹೀಗಾಗಿ ಇಂದಿನ ವೈಣಿಕರು ಪದದ ಕಾಲವನ್ನು ಮೊಮ್ಮಕ್ಕಳ ಗಾಯನದಿಂದಲೂ ಮೀಟಿನ ಹದವನ್ನು 1932ರ ತಟ್ಟೆಯಿಂದಲೂ ಎತ್ತಿಕೊಂಡು, ಎರಡೂ ಕೂಡುತ್ತವೆಯೇ ಎಂದು ಬೆರಳಿನಿಂದಲೇ ಪರೀಕ್ಷಿಸಬೇಕಾಗುತ್ತದೆ. ವೀಣೆಗೆ ಅಂಟಿಸುವ ಮೈಕನ್ನು ಈ ಪರೀಕ್ಷೆಯಲ್ಲಿ ದೂರವಿಡುವುದೇ ಲೇಸು: ಅದು ನಾದವನ್ನು ಹಿಗ್ಗಿಸಿ ವಿಳಂಬವನ್ನು ಸುಲಭವಾಗಿಸುತ್ತದೆ, ಆಗ ಧನಮ್ಮಾಳ್ ಯಾವ ಕಷ್ಟವನ್ನು ಹೇಗೆ ನಿಭಾಯಿಸಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.