ಮರಳಿ ಬರುವ ಸ್ವರ

‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆಯನ್ನು ಲೂಪ್ ಪೆಡಲಿಗೆ ಅನ್ವಯಿಸಿ ನಕ್ಕವರಲ್ಲಿ ನಾನೂ ಒಬ್ಬ. ಕಾಲಿನಿಂದ ಒತ್ತಿದರೆ, ಆಗತಾನೆ ನುಡಿಸಿದುದನ್ನು ಆ ಪೆಟ್ಟಿಗೆ ಹಿಡಿದಿಟ್ಟುಕೊಂಡು, ಸಾಕೆನ್ನುವವರೆಗೂ ನುಡಿಯುತ್ತಿರುತ್ತದೆ. ವಾದಕನು ಅದರ ಮೇಲೆ ಪದರದ ಮೇಲೆ ಪದರವನ್ನು ಹೊದಿಸುತ್ತ ಹೋಗಬಹುದು. ಅಲಂಕಾರಶಾಸ್ತ್ರವನ್ನು ಪಾಠ ಹೇಳಿಕೊಂಡು ಬಂದ ನನಗೆ ಇದು ಪುನರುಕ್ತಿದೋಷದ ಯಂತ್ರವೆಂದೇ ತೋರಿತ್ತು. ಆ ಅಭಿಪ್ರಾಯವನ್ನು ಈಗ ಅರ್ಧದಷ್ಟು ಹಿಂತೆಗೆದುಕೊಳ್ಳುತ್ತೇನೆ.

ಹಿಂದಿನ ವಿದ್ಯಾರ್ಥಿಯೊಬ್ಬ ಗಿಟಾರನ್ನೂ ‘ಲೈನ್ 6’ ಸಂಸ್ಥೆ 1999ರಲ್ಲಿ ಹೊರತಂದ ‘ಡಿಎಲ್4’ ಎಂಬ ಹಸುರು ಪೆಟ್ಟಿಗೆಯನ್ನೂ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದ. ಹಿಡಿದಿಡಬಲ್ಲದ್ದು ಬರಿಯ 14 ಸೆಕೆಂಡಿನ ನಾದ. ಅವನು ಪುಟ್ಟದೊಂದು ಪಲುಕನ್ನು ಹಿಡಿದಿಟ್ಟು, ವೇಗವನ್ನು ಅರ್ಧಕ್ಕೆ ಇಳಿಸಿದ. ನಡೆ ನಿಧಾನವಾಯಿತು; ಸ್ವರವೂ ಒಂದು ಸ್ಥಾಯಿ ಕೆಳಗಿಳಿಯಿತು. ಆ ಮಂದ್ರದ ಮೇಲೆ ಇನ್ನೊಂದು ಪದರವನ್ನು ನುಡಿಸಿ ಮೊದಲಿನ ವೇಗಕ್ಕೆ ಮರಳಿದಾಗ ನಡೆದುದೇ ಸ್ವಾರಸ್ಯ: ಹಳೆಯ ಪಲುಕು ತನ್ನ ಸ್ಥಾನಕ್ಕೆ ಬಂತು, ಹೊಸ ಪದರ ಮಾತ್ರ ಒಂದು ಸ್ಥಾಯಿ ಮೇಲೇರಿ, ಇಮ್ಮಡಿ ವೇಗದಲ್ಲಿ ಗುಬ್ಬಚ್ಚಿಗಳಂತೆ ಚಿಲಿಪಿಲಿಗುಟ್ಟಿತು. ಅವನು ನುಡಿಸಿದ್ದೇ ಅದು. ಆದರೂ ಅವನು ನುಡಿಸಿದುದಲ್ಲ.

ಇದನ್ನು ಕೇಳಿದ ಮೇಲೆ ರಾಬರ್ಟ್ ಫ್ರಿಪ್ ಮತ್ತು ಬ್ರಯನ್ ಈನೋ 1973ರಲ್ಲಿ ಹೊರತಂದ ‘ನೋ ಪುಸಿಫುಟಿಂಗ್’ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದೆ. ಅದರಲ್ಲಿ ಪೆಡಲಿನ ಪೆಟ್ಟಿಗೆಯಿಲ್ಲ. ಎರಡು ಟೇಪ್ ಯಂತ್ರಗಳು, ಅವುಗಳ ನಡುವೆ ಹರಿಯುವ ಒಂದೇ ಟೇಪು. ಮೊದಲನೆಯದು ಬರೆದುಕೊಂಡುದನ್ನು ಎರಡನೆಯದು ಕೆಲವು ಸೆಕೆಂಡು ತಡೆದು ನುಡಿದು, ಮೊದಲನೆಯದಕ್ಕೇ ಹಿಂದಿರುಗಿಸುತ್ತದೆ. ಪ್ರತಿ ಸುತ್ತಿನಲ್ಲಿಯೂ ಗಿಟಾರಿನ ಸ್ವರ ಸ್ವಲ್ಪ ಸವೆಯುತ್ತದೆ, ಮಬ್ಬಾಗುತ್ತದೆ, ಕೊನೆಗೆ ಹೊಸ ಸ್ವರಗಳ ಕೆಳಗೆ ಕರಗಿಹೋಗುತ್ತದೆ. ಮೊದಲ ಮಗ್ಗುಲಿನ ಇಪ್ಪತ್ತೊಂದು ನಿಮಿಷಗಳ ಸೊಗಸೆಲ್ಲ ಈ ಸವೆತದಲ್ಲಿದೆ. ಇಂದಿನ ಪೆಡಲಿಗೆ ಈ ದೌರ್ಬಲ್ಯವಿಲ್ಲ. ಹಾಗೆಯೇ ಬಿಟ್ಟರೆ ಮೊದಲ ಪದರ ನೂರನೆಯ ಸಲವೂ ಮೊದಲ ಸಲದಂತೆಯೇ ಕೇಳುತ್ತದೆ. ಅದು ನೆನಪಲ್ಲ, ಗಿಳಿಪಾಠ. ವಾದಕರು ‘ಎಫೆಕ್ಟ್’ ಎನ್ನುವ ಪರಿಣಾಮಗಳು ಸಾರ್ಥಕವಾಗುವುದು ಇಲ್ಲಿ: ಅವು ಆ ಪದರಕ್ಕೆ ವಯಸ್ಸನ್ನು ತರಬಲ್ಲವು.

ಆದರೆ ಎಲ್ಲಿ ಇಡಬೇಕು? ಮಾರ್ದನಿಯನ್ನು ಲೂಪಿಗೆ ಮುಂಚೆ ಇಟ್ಟರೆ ಅದು ಆ ಪದರಕ್ಕೆ ಅಚ್ಚೊತ್ತಿದಂತೆ ಅಂಟಿಕೊಳ್ಳುತ್ತದೆ, ಮತ್ತೆ ತೆಗೆಯಲಾಗದು. ಅನಂತರ ಇಟ್ಟರೆ ಕೂಡಿಬಂದ ಪದರಗಳೆಲ್ಲ ಒಟ್ಟಿಗೆ ಬಣ್ಣ ಬದಲಿಸುತ್ತವೆ. ಸೊಂಟದ ಡಾಬನ್ನು ಕೊರಳಿಗೆ ತೊಟ್ಟರೆ ನಗೆಪಾಟಲೆಂದು ಕ್ಷೇಮೇಂದ್ರ ಔಚಿತ್ಯದ ಬಗೆಗೆ ಹೇಳಿದುದು ಈ ಕಾಲುಗುಂಡಿಗಳಿಗೂ ಸಲ್ಲುತ್ತದೆ. ಇದ್ದಬದ್ದ ಗುಂಡಿಗಳನ್ನೆಲ್ಲ ತುಳಿಯುವ ವಾದಕರನ್ನು ಕೇಳಿ ನನಗೆ ತಲೆನೋವು ಬಂದುದುಂಟು. ಕೆ. ಟಿ. ಟನ್‌ಸ್ಟಲ್ 2004ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಗಿಟಾರನ್ನು ತಟ್ಟಿ, ತನ್ನ ಕಂಠವನ್ನೇ ಸುತ್ತಿಸಿ ಒಬ್ಬಳೇ ಮೇಳ ಕಟ್ಟಿದಾಗ ಅಲಂಕಾರ ಅಷ್ಟಾಗಿ ಬೇಕಾಗಲಿಲ್ಲ.

ಹಿಂದುಮುಂದಾಗಿ ನುಡಿಸುವ ಪರಿಣಾಮದ ವಿಷಯದಲ್ಲಿ ನನ್ನ ಸಂದೇಹ ಇನ್ನೂ ಉಳಿದಿದೆ. ಮೀಟಿದ ತಂತಿಯನ್ನು ತಿರುಗಿಸಿದರೆ ನಾದ ಶೂನ್ಯದಿಂದ ಉಬ್ಬಿ ಬಂದು ಥಟ್ಟನೆ ಕಡಿಯುತ್ತದೆ. ಅದೊಂದು ಬೆರಗು, ನಿಜ. ಆದರೆ ಫ್ರಿಪ್-ಈನೋರ ಟೇಪನ್ನು 1973ರಲ್ಲಿ ಜಾನ್ ಪೀಲರ ಬಿ.ಬಿ.ಸಿ. ರೇಡಿಯೋ ಕಾರ್ಯಕ್ರಮದಲ್ಲಿ ತಪ್ಪಿ ಹಿಂದುಮುಂದಾಗಿಯೇ ಪ್ರಸಾರ ಮಾಡಿಬಿಟ್ಟರು. ಮೀಟಿನ ಮೊನೆಯೇ ಕೇಳದಂತೆ ಎಳೆದು ನುಡಿಸಿದ ಆ ಸ್ವರಗಳಲ್ಲಿ ಇಂತಹ ತಪ್ಪು ಸುಲಭ. 2008ರ ಮರುಮುದ್ರಣದಲ್ಲಿ ತಿರುಗಿಸಿದ ಪಾಠವನ್ನೂ ಅರ್ಧವೇಗದ ಪಾಠವನ್ನೂ ಸೇರಿಸಿದ್ದಾರೆ. ಅರ್ಧವೇಗದ್ದು ನನಗೆ ಹೊಸ ಕೃತಿಯಾಗಿಯೇ ಕೇಳಿತು. ತಿರುಗಿಸಿದ್ದು ಬರಿಯ ಕುತೂಹಲ.

ನಮ್ಮ ಹುಡುಗ ಕೊನೆಗೆ ಗುಂಡಿಯೊತ್ತಿ ನಾದವನ್ನು ಚಕ್ಕನೆ ಕತ್ತರಿಸಿದ. ನಾನು ಒಪ್ಪಲಿಲ್ಲ.

“ಅದು ತಾನಾಗಿ ಆರುವವರೆಗೆ ಬಿಡಪ್ಪಾ” ಎಂದೆ.

“ತಾನಾಗಿ ಆರೋದಿಲ್ಲ ಸಾರ್” ಎಂದು, ಮತ್ತೆ ನುಡಿಸಿ, ನೆಲದ ಮೇಲೆ ಮಂಡಿಯೂರಿ, ಕಾಲಿಗೆಂದು ಮಾಡಿದ ಆ ಪೆಟ್ಟಿಗೆಯ ತಿರುಪನ್ನು ಕೈಯಿಂದ ಮೆಲ್ಲಮೆಲ್ಲನೆ ಇಳಿಸಿದ.