‘ಅರಿವಳಿಕೆ’ : ಒಂದು ಪದವಿಮರ್ಶೆ

ಶಸ್ತ್ರಕ್ರಿಯೆಗೆ ಮುನ್ನ ರೋಗಿಯನ್ನು ನಿದ್ರೆಗೊಳಿಸುವ ವಿದ್ಯೆಗೆ ನಮ್ಮ ವೈದ್ಯಗ್ರಂಥಕಾರರು ‘ಅರಿವಳಿಕೆ’ ಎಂಬ ಪದವನ್ನು ಬಳಸುತ್ತಿರುವರು. ಅರಿವು ಅಳಿಯುವುದೇ ಅರಿವಳಿಕೆ. ಪದವು ಶ್ರುತಿಮಧುರವಾದುದು, ಅಚ್ಚಗನ್ನಡವೂ ಹೌದು. ಆದರೆ ಪಾರಿಭಾಷಿಕಪದಕ್ಕೆ ಲಕ್ಷಣಶುದ್ಧಿಯೂ ಬೇಕಷ್ಟೆ. ಅದನ್ನು ಒಂದು ನಿದರ್ಶನದಿಂದ ಪರೀಕ್ಷಿಸುವೆವು.

ನಿದ್ರಿತನಾದ ರೋಗಿಯ ಉಸಿರಿನ ದಾರಿಯನ್ನು ಕಾಪಾಡಲು ವೈದ್ಯನು ನಾಲಗೆಯ ಬುಡವನ್ನು ಉಪಕರಣದ ಅಲಗಿನಿಂದೆತ್ತಿ, ಧ್ವನಿತಂತುಗಳ ನಡುವೆ ಶ್ವಾಸನಾಳಕ್ಕೆ ನಳಿಕೆಯನ್ನಿಳಿಸುವನು. ರೋಗಿಗೆ ಇದರ ಅರಿವಿಲ್ಲ. ಆದರೂ ಗಂಟಲಿನ ನರಗಳು ಆ ವಾರ್ತೆಯನ್ನು ಮಿದುಳಿನ ಕಾಂಡಕ್ಕೊಯ್ಯುವುವು. ನಾಡಿಯು ತ್ವರೆಗೊಂಡು ರಕ್ತದೊತ್ತಡವೇರುವುದು. ಕಿಂಗ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 1951ರಲ್ಲಿ ವಿವರಿಸಿದರು. ದೃಢಕಾಯರಲ್ಲಿ ಈ ಕ್ಷೋಭೆಯು ಕೆಲವೇ ನಿಮಿಷಗಳಲ್ಲಿ ಅಡಗುವುದು. ಹೃದಯದ ರಕ್ತನಾಳಗಳು ಕಿರಿದಾದವರಿಗೂ ಮಿದುಳಿನ ರಕ್ತನಾಳವುಬ್ಬಿದವರಿಗೂ ಪ್ರಾಣಾಪಾಯವನ್ನು ತರಬಹುದು. ಅರಿವಳಿದ ಮೇಲೂ ದೇಹವು ಪ್ರತಿಕ್ರಿಯಿಸುತ್ತಲೇ ಇರುವುದು! ಅದನ್ನು ತಗ್ಗಿಸುವುದೂ ಇದೇ ವಿದ್ಯೆಯ ಕಾರ್ಯವಾಗಿರಲು, ಪದವು ಅದನ್ನು ಮುಟ್ಟದಿರುವುದು ಅವ್ಯಾಪ್ತಿದೋಷ.

‘ಪಂಕಜ’ದಂತೆ ಇದೂ ಯೋಗರೂಢವೆನ್ನಬಾರದೇಕೆ? ಎಂದು ಕೆಲವರು ಕೇಳಬಹುದು. ಪಂಕಜದಲ್ಲಿ ವಿಶಾಲವಾದ ಅವಯವಾರ್ಥವನ್ನು ರೂಢಿಯು ಸಂಕೋಚಗೊಳಿಸುವುದು. ಇಲ್ಲಿಯಾದರೋ ಅವಯವಾರ್ಥವೇ ವಸ್ತುವಿಗಿಂತ ಕಿರಿದು.

ಈ ಕ್ಷೋಭೆಯನ್ನು ತಗ್ಗಿಸಲು ನಳಿಕೆಯಿಳಿಸುವ ಕೆಲವು ನಿಮಿಷ ಮೊದಲು ಕೊಡುವ ಔಷಧಗಳಲ್ಲಿ ಮುಖ್ಯವಾದುದು ಫೆಂಟನಿಲ್. ಇದು ಅಫೀಮಿನ ಗುಣವುಳ್ಳದ್ದು; ಬೆಲ್ಜಿಯಂ ದೇಶದ ಪಾಲ್ ಯಾನ್ಸೆನ್ನರು 1960ರಲ್ಲಿ ಸಿದ್ಧಪಡಿಸಿದುದು. ಇದನ್ನು ‘ನೋವುನಿವಾರಕ’ವೆಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಅರಿವೇ ಇಲ್ಲದವನಿಗೆ ನೋವೆಲ್ಲಿಯದು? ಈ ಪ್ರಯೋಗದಲ್ಲಿ ಆ ಲಕ್ಷಣವು ಅಸಂಭವ. ‘ಪ್ರತಿಕ್ರಿಯಾನಾಶಕ’ವೆಂಬುದೂ ಸಲ್ಲದು, ಪೂರ್ಣನಾಶವನ್ನು ಬಯಸಿ ಪ್ರಮಾಣವನ್ನೇರಿಸಿದರೆ ರಕ್ತದೊತ್ತಡವು ಕುಸಿದು, ನಾಡಿಯು ಮಂದವಾಗಿ, ಶಸ್ತ್ರಕ್ರಿಯೆಯು ಮುಗಿದ ಮೇಲೂ ಉಸಿರು ಕುಗ್ಗುವ ಭಯವುಂಟು. ಇಲ್ಲಿ ಬೇಕಾದುದು ಶಮನ, ನಾಶವಲ್ಲ.

ಪ್ರಾಚೀನರು ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ಶಸ್ತ್ರಕರ್ಮಕ್ಕೆ ಮೊದಲು ಉಣಿಸುವುದು ಮೂರ್ಛೆ ಬಾರದಿರಲೆಂದೂ, ನೋವನ್ನು ತಾಳಲಾರದವನಿಗೆ ತೀಕ್ಷ್ಣಮದ್ಯವನ್ನು ಕೊಡುವುದು ಶಸ್ತ್ರವನ್ನರಿಯದಿರಲೆಂದೂ ಸುಶ್ರುತಸಂಹಿತೆಯ ಸೂತ್ರಸ್ಥಾನವು ಬೇರೆ ಬೇರೆಯಾಗಿ ಹೇಳಿರುವುದು. ಆ ಉಪಾಯಗಳು ಇಂದು ವರ್ಜ್ಯ. ಆ ವಿವೇಕವು ಗ್ರಾಹ್ಯ.

ಆದಕಾರಣ, ಬಳಕೆಯಲ್ಲಿ ನೆಲೆನಿಂತ ‘ಅರಿವಳಿಕೆ’ಯನ್ನು ತೆಗೆದುಹಾಕಬೇಕಿಲ್ಲ. ಅದರ ಜೊತೆಗೆ ‘ಪ್ರತಿಕ್ರಿಯಾಶಮನ’ವೆಂಬುದನ್ನೂ ಪಠ್ಯಗಳಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಅರಿವೇ ಇಲ್ಲದಾಗ ಭಯವೇನೆಂದು ಭಾವಿಸಿ ರೋಗಿಯೊಬ್ಬನು ತನ್ನ ಹೃದ್ರೋಗವನ್ನು ವೈದ್ಯನಿಗೆ ತಿಳಿಸದೆ ಹೋದರೆ, ಆ ಹೊಣೆಯಲ್ಲಿ ಪದವನ್ನು ಕಲ್ಪಿಸಿದವರಿಗೂ ಅದನ್ನು ಕಲಿಸುವವರಿಗೂ ಪಾಲುಂಟು.